ಗಣಕಯಂತ್ರದ ತಾಪಕ್ಕೆ ನೀರಿನ ಶಮನ

ಕಾಸಿದ ಹಾಲನ್ನು ಆರಿಸಬೇಕಾದ ಗೃಹಿಣಿಯು ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವಳಲ್ಲದೆ ಅಡುಗೆಮನೆಯನ್ನೆಲ್ಲ ತಂಪುಗೊಳಿಸಳು. ಸರ್ವರ್ ಕೋಣೆಗಳಲ್ಲಿ ನಡೆದುಬಂದಿರುವುದಾದರೋ ಇದಕ್ಕೆ ವಿಪರೀತ. ಬೆರಳಗಲದ ಚಿಪ್ಪಿನ ತಾಪಕ್ಕಾಗಿ ಕೋಣೆಗೆ ಕೋಣೆಯೇ ಹವಾನಿಯಂತ್ರಿತ! ಸಮಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ತಾಪವನ್ನು ಹೊರಬಲ್ಲದು. ಚಿಪ್ಪಿಗೊತ್ತಿದ ತಾಮ್ರದ ಫಲಕದೊಳಗೆ ನೀರನ್ನು ಹರಿಸುವುದೇ ಯುಕ್ತ.

ಆ ನೀರು ತಣ್ಣಗೇ ಇರಬೇಕೆಂಬುದು ಭ್ರಮೆ. ಜರ್ಮನಿಯ ಮ್ಯೂನಿಕ್ ಬಳಿ 2012ರಲ್ಲಿ ಕಾರ್ಯಾರಂಭಿಸಿದ ಸೂಪರ್‌ಮುಕ್ ಮಹಾಗಣಕವನ್ನು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬೆಚ್ಚನೆಯ ನೀರಿನಿಂದಲೇ ತಣಿಸಿದರು. ಅಂತಹ ನೀರಿನ ತಾಪವನ್ನು ಹೊರಗಾಳಿಯೇ ಹೀರಿಕೊಳ್ಳುವುದರಿಂದ ಶೈತ್ಯಯಂತ್ರದ ವಿದ್ಯುತ್ತು ಉಳಿಯುವುದು. ಬೇಸಗೆಯಲ್ಲೂ 38 ಡಿಗ್ರಿ ಮೀರುವುದು ವಿರಳವಾದ ಬೆಂಗಳೂರಿಗೆ ಇದು ಒಪ್ಪುವ ಮಾರ್ಗ.

ಹಾಗೆಂದು ಇರುವ ಹವಾನಿಯಂತ್ರಣವನ್ನು ಕಿತ್ತೊಗೆಯುವುದು ಅವಿವೇಕ. ವಿದ್ಯುತ್ ಪೂರೈಕೆಯೇ ಮೊದಲಾದ ಇತರ ಭಾಗಗಳ ತಾಪವು ಗಾಳಿಗೇ ಸೇರುವುದಷ್ಟೆ. ಆ ಶೇಷಕ್ಕೆ ಅದು ಬೇಕೇಬೇಕು.

2024ರ ಬೇಸಗೆಯಲ್ಲಿ ನೀರಿಗಾಗಿ ಪರಿತಪಿಸಿದ ನಗರದಲ್ಲಿ ಯಂತ್ರಕ್ಕೆ ನೀರುಣಿಸುವುದೇ ಎಂಬ ಆಕ್ಷೇಪವುಂಟು. ಆಕ್ಷೇಪ ಸಹಜವೇ, ಆದರೆ ಗುರಿ ತಪ್ಪಿದೆ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ನೀರು ವ್ಯಯವಾಗದು. ನೀರನ್ನು ಕುಡಿಯುವುದು ಆವಿಯಾಗಿಸಿ ತಣಿಸುವ ಗೋಪುರ. ನಿರ್ಬಂಧ ಹೇರುವುದಾದರೆ ಅದರ ಮೇಲೆ ಹೇರಲಿ.