ಒಂದು ತಾಸಿನ ನೋಟ, ಮೂರೂವರೆ ವರ್ಷದ ಬೀಗ

ಪ್ರವಾಸೋದ್ಯಮವು ಹೊಗೆ ಉಗುಳದ ಉದ್ಯಮ ಎಂಬ ಮಾತು ಸಭೆ-ಸಮಾರಂಭಗಳಲ್ಲಿ ಸವೆದುಹೋಗುವಷ್ಟು ಬಳಕೆಯಾಗಿದೆ. ಗಣಿ ಬೇಡ, ಅಣೆಕಟ್ಟು ಬೇಡ, ಕಾರ್ಖಾನೆ ಬೇಡ ಎನ್ನುವ ಮಲೆನಾಡಿಗರ ಮುಂದೆ ಆಳುವವರು ಕಟ್ಟಕಡೆಗೆ ಬಡಿಸುವುದು ಇದನ್ನೇ. ‘ಪ್ರವಾಸೋದ್ಯಮವಾದರೂ ಬರಲಿ. ಬಂದವರು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಹಣ ಕೊಟ್ಟು ಹೋಗುತ್ತಾರೆ. ಬರೀ ನೋಡುವುದರಿಂದ ಏನು ಸವೆಯುತ್ತದೆ?’ ಬರೀ ನೋಡುವವರಿಂದಲೇ ಸವೆದು, ಕೊನೆಗೆ ಬೀಗ ಹಾಕಿಸಿಕೊಂಡ ಜಾಗವೊಂದು ಥಾಯ್ಲೆಂಡಿನಲ್ಲಿದೆ. ಅದರ ಹೆಸರು ಮಾಯಾ ಕೊಲ್ಲಿ. ಅದರ ಕಥೆಯನ್ನು ಘಟ್ಟದ ಮೇಲಿನವರು ಸಮುದ್ರದ ಕಥೆಯೆಂದು ತಳ್ಳಿಹಾಕುವಂತಿಲ್ಲ.

ಅಂಡಮಾನ್ ಸಮುದ್ರದಲ್ಲಿ, ಕ್ರಾಬಿ ಪ್ರಾಂತಕ್ಕೆ ಸೇರಿದ ಫಿ ಫಿ ಎಂಬ ದ್ವೀಪಸಮೂಹವಿದೆ. ಅದರಲ್ಲಿ ಜನವಸತಿಯಿರುವ ದೊಡ್ಡ ದ್ವೀಪ ಫಿ ಫಿ ಡಾನ್, ಊರಿಲ್ಲದ ಚಿಕ್ಕ ದ್ವೀಪ ಫಿ ಫಿ ಲೇ. 1983ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಪ್ರದೇಶದಲ್ಲಿ ಈ ಚಿಕ್ಕ ದ್ವೀಪವೂ ಸೇರಿದೆ. ಮಾಯಾ ಕೊಲ್ಲಿ ಇರುವುದು ಇಲ್ಲಿಯೇ. ಮೂರು ಕಡೆ ನೆಟ್ಟಗೆ ಎದ್ದುನಿಂತ ಸುಣ್ಣಕಲ್ಲಿನ ಗೋಡೆ, ನಡುವೆ ತಿಳಿನೀರು, ಅಂಚಿಗೆ ಹೆಚ್ಚೆಂದರೆ ಇನ್ನೂರೈವತ್ತು ಮೀಟರಿನ ಬಿಳಿ ಮರಳು. ಇದೇ ದ್ವೀಪದ ವೈಕಿಂಗ್ ಗುಹೆಯಲ್ಲಿ ಬಾನಾಡಿಗಳು ತಮ್ಮ ಜೊಲ್ಲಿನಿಂದ ಗೂಡು ಕಟ್ಟುತ್ತವೆ. ಚೀನೀಯರ ಸೂಪಿಗೆ ಬೇಕಾದ ಆ ಗೂಡುಗಳಿಗೆ ಚಿನ್ನದ ಬೆಲೆಯಿದೆ. ಆದ್ದರಿಂದ ಗುಹೆಗೆ ಗುತ್ತಿಗೆದಾರರಿದ್ದಾರೆ, ಕಾವಲಿದೆ, ಪ್ರವಾಸಿಗರಿಗೆ ಪ್ರವೇಶವಿಲ್ಲ. ಗೂಡಿಗೆ ಒಡೆಯನಿದ್ದ, ಗೂಡು ಉಳಿಯಿತು. ಕೊಲ್ಲಿಯ ಹವಳಕ್ಕೆ ಒಡೆಯನಿರಲಿಲ್ಲ. ಇದ್ದದ್ದು ನೋಡುಗರು ಮಾತ್ರ.

ನೋಡುಗರನ್ನು ತಂದದ್ದು ಸ್ಪೀಡ್‌ಬೋಟು. ಪುಕೆಟ್‌ನಿಂದ ಫಿ ಫಿಗೆ ಸುಮಾರು 45 ಕಿ.ಮೀ. ದೂರ. ನಿಧಾನದ ದೋಣಿಯಲ್ಲಿ ಹೊರಟವನಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ. ಎರಡು-ಮೂರು ಎಂಜಿನ್ ಕಟ್ಟಿದ ಸ್ಪೀಡ್‌ಬೋಟಿಗೆ ಈ ದೂರ ಒಂದು ತಾಸಿನ ಮಾತು. ಬೆಳಿಗ್ಗೆ ಹೋಟೆಲಿನಿಂದ ವ್ಯಾನಿನಲ್ಲಿ ಕರೆದೊಯ್ಯುತ್ತಾರೆ, ಜೀವರಕ್ಷಕ ಜಾಕೆಟ್ ತೊಡಿಸುತ್ತಾರೆ, ಗೈಡ್ ತಲೆ ಎಣಿಸುತ್ತಾನೆ. ಆಮೇಲೆ ಮಾಯಾ ಕೊಲ್ಲಿ, ಪಿಲೇ ಎಂಬ ಒಳಗೊಲ್ಲಿ, ಹೊರಗಿನಿಂದಲೇ ವೈಕಿಂಗ್ ಗುಹೆ, ಕೋತಿಗಳ ದಂಡೆ, ಫಿ ಫಿ ಡಾನ್‌ನಲ್ಲಿ ಊಟ, ಹವಳದ ಮೇಲೆ ಮುಖವಾಡ ತೊಟ್ಟು ಒಂದಿಷ್ಟು ಈಜು. ಸಂಜೆಯೊಳಗೆ ಮರಳಿ ಹೋಟೆಲು. ಒಂದು ಕಂಪನಿಯ ವೇಳಾಪಟ್ಟಿ ಇದಾದರೆ ಎಲ್ಲ ಕಂಪನಿಗಳದ್ದೂ ಇದೇ. ಹಾಗಾಗಿ ಎಲ್ಲ ದೋಣಿಗಳೂ ಒಂದೇ ಹೊತ್ತಿಗೆ ಒಂದೇ ಕೊಲ್ಲಿಯಲ್ಲಿ ಬಂದು ಬೀಳುತ್ತವೆ. ಮುಚ್ಚುವ ಮುನ್ನ, ಜನಸಂದಣಿಯ ದಿನಗಳಲ್ಲಿ, ಇಲ್ಲಿಗೆ ಇನ್ನೂರರಷ್ಟು ದೋಣಿಗಳಲ್ಲಿ ಐದು ಸಾವಿರದಷ್ಟು ಜನ ಬರುತ್ತಿದ್ದರು. ಅಷ್ಟೂ ಜನರನ್ನು ಆ ಮರಳಿನ ಉದ್ದಕ್ಕೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ತಲೆಗೆ ಐದು ಸೆಂಟಿಮೀಟರ್ ಜಾಗ ಸಿಗುತ್ತದೆ. ಸಂತೆಪೇಟೆಯಲ್ಲೂ ಇದಕ್ಕಿಂತ ಹೆಚ್ಚು ಜಾಗವಿರುತ್ತದೆ.

ಈ ಕೊಲ್ಲಿಗೆ ಜಗತ್ಪ್ರಸಿದ್ಧಿ ತಂದದ್ದು 2000ದಲ್ಲಿ ತೆರೆಕಂಡ ‘ದಿ ಬೀಚ್’ ಎಂಬ ಹಾಲಿವುಡ್ ಚಿತ್ರ. ಮನುಷ್ಯ ಮುಟ್ಟದ ಕಡಲತೀರವೊಂದನ್ನು ಹುಡುಕಿ ಹೊರಟವರ ಕಥೆ ಅದು. ವಿಪರ್ಯಾಸವೆಂದರೆ, 1999ರಲ್ಲಿ ನಡೆದ ಚಿತ್ರೀಕರಣಕ್ಕೆ ಆ ತೀರ ಇದ್ದ ಹಾಗೆ ಸಾಲಲಿಲ್ಲ. ಮರಳಿನ ದಿಬ್ಬ ತಟ್ಟಿ, ಅದನ್ನು ಹಿಡಿದಿಟ್ಟಿದ್ದ ಗಿಡಬಳ್ಳಿ ಕಿತ್ತು, ತೆಂಗಿನ ಮರಗಳನ್ನು ತಂದು ನೆಟ್ಟರು. ಬೇರಿನ ಹಿಡಿತ ತಪ್ಪಿದ ಮರಳು ಮಳೆಗಾಲದ ಅಲೆಗೆ ಏನಾಗುತ್ತದೆಂಬುದನ್ನು ಧರೆ ಕುಸಿತ ಕಂಡ ಮಲೆನಾಡಿಗರಿಗೆ ವಿವರಿಸಬೇಕಾಗಿಲ್ಲ. ಸ್ಥಳೀಯ ಆಡಳಿತ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ಆ ಮೊಕದ್ದಮೆ ಮುಗಿದದ್ದು 2022ರಲ್ಲಿ. ಕೊಲ್ಲಿಯ ಪುನಶ್ಚೇತನದ ಹೊಣೆ ಅರಣ್ಯ ಇಲಾಖೆಯದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು, ಚಿತ್ರಸಂಸ್ಥೆ ರಾಜಿಯಲ್ಲಿ ಒಂದು ಕೋಟಿ ಬಾಟ್ ಕೊಡಲು ಒಪ್ಪಿತು. ಕೆಡಿಸಲು ಕೆಲವು ವಾರ, ಕೆಡಿಸಿದ್ದು ಹೌದೆಂದು ಇತ್ಯರ್ಥವಾಗಲು ಇಪ್ಪತ್ಮೂರು ವರ್ಷ. ಪರಿಸರದ ಮೊಕದ್ದಮೆ ಗೆದ್ದವರಿಗೆ ಸಿಗುವ ಜಯ ಇಂಥದ್ದು.

ನೋಟದ ಭಾರ

ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗೆ ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುತ್ತದೆ. ಭತ್ತದ ಗದ್ದೆಗೆ ಬೆಳಕು ಹೇಗೋ ಹವಳಕ್ಕೂ ಹಾಗೆಯೇ. ಆಳವಿಲ್ಲದ ನೀರಿನಲ್ಲಿ ಎಂಜಿನ್ನಿನ ಪಂಖ ತಿರುಗಿದಾಗ ತಳದ ಮರಳು ಎದ್ದು ನೀರು ಬಗ್ಗಡವಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಎದ್ದ ಮರಳು ಹವಳದ ಬಾಯಿಯ ಮೇಲೆಯೇ ಕೂರುತ್ತದೆ. ಲಂಗರು ಬಿದ್ದಲ್ಲಿ ಹವಳ ಮುರಿಯುತ್ತದೆ, ಸರಪಳಿ ಎಳೆದಲ್ಲಿ ಉಜ್ಜಿ ಹೋಗುತ್ತದೆ. ಗುಂಡುಗುಂಡಾಗಿ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳೆಯುತ್ತದೆ. ಅರ್ಧ ಮೀಟರಿನ ಒಂದು ಗುಂಡು ಒಡೆದರೆ ಅರ್ಧ ಶತಮಾನ ಒಡೆದಂತೆ. ಇದರ ಮೇಲೆ ಬಿಸಿಲಿಗೆಂದು ಮೈಗೆ ಬಳಿದುಕೊಂಡ ರಾಸಾಯನಿಕ ಲೇಪವೂ ಸಾವಿರಾರು ಮೈಗಳಿಂದ ನೀರಿಗಿಳಿಯುತ್ತದೆ. ಹವಳಕ್ಕೆ ಹಾನಿಕರವೆಂದು ಗುರುತಿಸಲಾದ ಕೆಲವು ರಾಸಾಯನಿಕಗಳಿರುವ ಲೇಪಗಳನ್ನು ಥಾಯ್ಲೆಂಡ್ 2021ರಲ್ಲಿ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿತು. ‘ನೋಡಿದರೆ ಏನು ಸವೆಯುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಇದು. ಕಣ್ಣಿನಿಂದ ಏನೂ ಸವೆಯದು. ಕಣ್ಣನ್ನು ಹೊತ್ತು ತರುವ ಯಂತ್ರದಿಂದ, ದೇಹದಿಂದ, ಅವಸರದಿಂದ ಸವೆಯುತ್ತದೆ.

ಕೊಲ್ಲಿಯ ಅರ್ಧಕ್ಕಿಂತ ಹೆಚ್ಚು ಹವಳ ಸತ್ತಮೇಲೆ, 2018ರ ಜೂನ್ 1ರಂದು ಸರ್ಕಾರ ಅದನ್ನು ಮುಚ್ಚಿತು. ಮೊದಲು ಹೇಳಿದ್ದು ನಾಲ್ಕು ತಿಂಗಳು. ನಾಲ್ಕು ತಿಂಗಳಲ್ಲಿ ಏನೂ ಆಗದೆಂದು ತಿಳಿದಾಗ ಅವಧಿಯಿಲ್ಲದೆ ಮುಂದುವರಿಸಿತು. ಬಾಗಿಲು ತೆರೆದದ್ದು 2022ರ ಜನವರಿ 1ಕ್ಕೆ. ನಡುವಿನ ಮೂರೂವರೆ ವರ್ಷದಲ್ಲಿ ವಿಜ್ಞಾನಿಗಳೂ ಸ್ವಯಂಸೇವಕರೂ ಸಾವಿರಾರು ಹವಳದ ತುಂಡುಗಳನ್ನು ತಂದು ನಾಟಿ ಮಾಡಿದರು. ಆದರೆ ಯಾರೂ ನಾಟಿ ಮಾಡದೆ ಬಂದದ್ದು ಶಾರ್ಕ್. ರೆಕ್ಕೆಯ ತುದಿ ಕಪ್ಪಗಿರುವ ಶಾರ್ಕ್‌ಗಳು ದೋಣಿಯ ಸದ್ದು ನಿಂತ ಕೆಲವೇ ತಿಂಗಳುಗಳಲ್ಲಿ ಮರಳಿನಂಚಿನ ತೆಳುನೀರಿಗೆ ಹಿಂದಿರುಗಿದವು. ಅವುಗಳಿಗೆ ಅನುದಾನ ಬೇಕಿರಲಿಲ್ಲ, ಯೋಜನಾ ವರದಿ ಬೇಕಿರಲಿಲ್ಲ. ಬೇಕಿದ್ದುದು ಮನುಷ್ಯನ ಗೈರುಹಾಜರಿ.

ಮೂರು ಸಮರ್ಥನೆಗಳು

ಮೊದಲನೆಯ ಸಮರ್ಥನೆ, ಸ್ಥಳೀಯರ ಹೊಟ್ಟೆಪಾಡು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೋಣಿ ನಡೆಸುವವನಿಗೂ ಅಡುಗೆಯವಳಿಗೂ ಮಕ್ಕಳಿದ್ದಾರೆ. ಆದರೆ ದಿನದ ಪ್ರವಾಸದ ಹಣ ಯಾವ ಊರಿನಲ್ಲಿ ಬೀಳುತ್ತದೆಂದು ನೋಡಬೇಕು. ಪ್ಯಾಕೇಜ್ ಮಾರಾಟವಾಗುವುದು ಪುಕೆಟ್‌ನಲ್ಲಿ. ಪ್ರವಾಸಿ ಮಲಗುವುದೂ ಪುಕೆಟ್‌ನಲ್ಲಿ. ಫಿ ಫಿ ಇರುವುದು ಬೇರೆ ಪ್ರಾಂತದಲ್ಲಿ. ಅಲ್ಲಿ ಅವನು ಬಿಡುವುದು ಒಂದು ಊಟದ ಹಣ ಮತ್ತು ಒಂದು ಊಟದ ಕಸ. ಆ ಕಸವನ್ನು ದ್ವೀಪದಲ್ಲಿ ಹೂಳಲು ಜಾಗವಿಲ್ಲದೆ ದೋಣಿಯಲ್ಲಿ ಹೇರಿ ಕ್ರಾಬಿಯ ದಡಕ್ಕೆ ಸಾಗಿಸಬೇಕಾಗಿದೆ. ಒಂದು ಎಕರೆ ಅಡಿಕೆ ತೋಟದ ಹಿಂದೆ ಹಲವು ಎಕರೆ ಸೊಪ್ಪಿನ ಬೆಟ್ಟ ಬೇಕೆಂಬುದು ಮಲೆನಾಡಿನ ಹಿರಿಯರ ಲೆಕ್ಕ. ತೋಟ ನೋಡಿದವನಿಗೆ ಬೆಟ್ಟ ಕಾಣುವುದಿಲ್ಲ. ಪ್ರವಾಸೋದ್ಯಮದ ಲೆಕ್ಕದಲ್ಲಿಯೂ ತೋಟ ಮಾತ್ರ ತೋರಿಸುತ್ತಾರೆ. ನೀರು ಎಲ್ಲಿಂದ, ಇಂಧನ ಎಲ್ಲಿಂದ, ಕಸ ಎಲ್ಲಿಗೆ ಎಂಬ ಬೆಟ್ಟದ ಲೆಕ್ಕ ಯಾವ ಕರಪತ್ರದಲ್ಲೂ ಇಲ್ಲ.

ಹೊಟ್ಟೆಪಾಡನ್ನು ನಿಜವಾಗಿ ಕಸಿಯುವುದು ಮಿತಿಯಲ್ಲ, ಮಿತಿ ಇಲ್ಲದಿರುವುದು. ಫಿಲಿಪೀನ್ಸಿನ ಬೊರಾಕಾಯ್ ದ್ವೀಪ ಇದಕ್ಕೆ ಸಾಕ್ಷಿ. ಅಲ್ಲಿ ಹೋಟೆಲುಗಳ ಕೊಳಚೆ ಸಮುದ್ರಕ್ಕೆ ಹರಿಯುವವರೆಗೂ ಸುಮ್ಮನಿದ್ದ ಸರ್ಕಾರ 2018ರ ಏಪ್ರಿಲ್ 26ರಿಂದ ಆರು ತಿಂಗಳು ಇಡೀ ದ್ವೀಪವನ್ನೇ ಪ್ರವಾಸಿಗರಿಗೆ ಮುಚ್ಚಿತು. ಹೊರೆ ಬಿದ್ದದ್ದು ದಿನಗೂಲಿಯ ಸಾವಿರಾರು ಕಾರ್ಮಿಕರ ಮೇಲೆ. ಮೊದಲೇ ಕಡಿವಾಣ ಹಾಕಿದ್ದರೆ ಕತ್ತು ಹಿಸುಕುವ ಪ್ರಸಂಗ ಬರುತ್ತಿರಲಿಲ್ಲ.

ಎರಡನೆಯ ಸಮರ್ಥನೆ, ಶುಲ್ಕದಿಂದ ಸಂರಕ್ಷಣೆ. ಉದ್ಯಾನಕ್ಕೆ ವಿದೇಶೀಯರು ಶುಲ್ಕ ಕೊಟ್ಟೇ ಬರುತ್ತಿದ್ದರು. ಶುಲ್ಕ ಕೊಟ್ಟವರೇ ಹವಳ ತುಳಿದರು. ಗೋಮಾಳಕ್ಕೆ ಬಂದ ದನಕ್ಕೆ ತಲೆಗೆ ಇಷ್ಟೆಂದು ವಸೂಲಿ ಮಾಡಿದ ಮಾತ್ರಕ್ಕೆ ಹುಲ್ಲು ಹೆಚ್ಚು ಬೆಳೆಯುವುದಿಲ್ಲ. ವಸೂಲಿಯ ಆಸೆಗೆ ದನದ ಸಂಖ್ಯೆ ಹೆಚ್ಚಬಹುದು. ಶುಲ್ಕ ಮಿತಿಯ ಜೊತೆಗೆ ಬಂದರೆ ಔಷಧ, ಮಿತಿಯ ಬದಲಿಗೆ ಬಂದರೆ ಲಂಚ.

ಮೂರನೆಯದು ಅತ್ಯಂತ ಮೋಹಕವಾದದ್ದು: ‘ಒಬ್ಬನ ಒಂದು ತಾಸಿನಿಂದ ಏನಾಗುತ್ತದೆ?’ ಏನೂ ಆಗದು. ಮೊದಲ ದನವೂ ಗೋಮಾಳವನ್ನು ಬೋಳಿಸುವುದಿಲ್ಲ. ಧಾರಣಾಶಕ್ತಿಯೆಂಬುದು ವರ್ಷದ ಒಟ್ಟು ತಲೆಗಳನ್ನು ದಿನಗಳಿಂದ ಭಾಗಿಸಿ ಬರುವ ಸರಾಸರಿಯಲ್ಲ. ಅತಿ ಹೆಚ್ಚು ಒತ್ತಡವಿರುವ ಹೊತ್ತಿನಲ್ಲಿ, ಅತಿ ದುರ್ಬಲವಾದ ಜೀವಿ ತಾಳಿಕೊಳ್ಳಬಲ್ಲಷ್ಟು ಮಾತ್ರ ಅದು. ದಿನದ ಪ್ರವಾಸ ಈ ಅರ್ಥದಲ್ಲಿ ಪ್ರವಾಸಗಳಲ್ಲೇ ಅತ್ಯಂತ ಒರಟಾದದ್ದು. ಅದು ಎಲ್ಲರನ್ನೂ ಒಂದೇ ಹೊತ್ತಿಗೆ ತಂದು ಸುರಿಯುತ್ತದೆ.

ಪಾಠ ಇರುವುದು ದೋಣಿಯಲ್ಲಿ

ಮತ್ತೆ ತೆರೆದಾಗ ಮಾಯಾ ಕೊಲ್ಲಿಯ ನಿಯಮಗಳು ಬೇರೆಯಾಗಿದ್ದವು. ಒಂದು ಬಾರಿಗೆ ನಾನೂರಕ್ಕಿಂತ ಕಡಿಮೆ ಜನ, ಒಂದೇ ತಾಸು. ನೀರಿಗಿಳಿದು ಈಜುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ. ಅವು ದ್ವೀಪದ ಹಿಂಬದಿಯ ಲೋ ಸಮಾಹ್ ಎಂಬಲ್ಲಿ ನಿಲ್ಲಬೇಕು, ಜನ ಹಲಗೆಯ ದಾರಿಯಲ್ಲಿ ನಡೆದು ಬರಬೇಕು. ಜೊತೆಗೆ 2022ರಿಂದ ಪ್ರತಿವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳು ಕೊಲ್ಲಿಗೆ ಪೂರ್ಣ ವಿಶ್ರಾಂತಿ. ಕರ್ನಾಟಕದ ಕರಾವಳಿಯಲ್ಲಿ ಮೀನಿನ ಸಂತಾನಕ್ಕೆಂದು ಜೂನ್ 1ರಿಂದ 61 ದಿನ ಯಾಂತ್ರೀಕೃತ ದೋಣಿಗಳನ್ನು ಕಟ್ಟಿಹಾಕುವಂತೆಯೇ ಇದು. ಬಲೆ ಬೀಸಿ ಬದುಕುವ ಮೊಗವೀರನಿಗೆ ವಿಶ್ರಾಂತಿಯ ನಿಯಮ ಅನ್ವಯಿಸುವುದಾದರೆ, ಮೋಜಿಗೆ ಬಂದವನಿಗೆ ಏಕೆ ಅನ್ವಯಿಸಬಾರದು?

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಮಾಯಾ ಕೊಲ್ಲಿಗೆ ಹಗ್ಗ ಕಟ್ಟಿದ್ದ ದಿನಗಳಲ್ಲೂ ದೋಣಿಗಳು ಹಗ್ಗದಾಚೆ ನಿಂತು ಫೋಟೊ ತೆಗೆಸಿಕೊಟ್ಟವು. ಪಿಲೇ ಒಳಗೊಲ್ಲಿಗೆ ಸಾಲುಗಟ್ಟಿದವು. ಒಂದೇ ಜಾಗಕ್ಕೆ ಮಿತಿ ಹಾಕಿದರೆ ಒತ್ತಡ ಪಕ್ಕದ ಜಾಗಕ್ಕೆ ಸರಿಯುತ್ತದೆ. ಇನ್ನು ಸಮುದ್ರವೇ ಕಾಯುತ್ತಿರುವಾಗ ಯಾವ ಹಗ್ಗವೂ ಹವಳವನ್ನು ಕಾಯಲಾರದು. 2024ರಲ್ಲಿ ಜಗತ್ತಿನಾದ್ಯಂತ ಹವಳಗಳು ಬಿಸಿಗೆ ಬಿಳಿಚಿಕೊಂಡಾಗ ಥಾಯ್ಲೆಂಡ್ ಹಲವು ಸಮುದ್ರತಾಣಗಳನ್ನು ಮತ್ತೆ ಮುಚ್ಚಬೇಕಾಯಿತು. ಆ ಬಿಸಿಯಲ್ಲಿ ಸ್ಪೀಡ್‌ಬೋಟಿನ ಪೆಟ್ರೋಲಿಗೂ ವಿಮಾನದ ಇಂಧನಕ್ಕೂ ಪಾಲಿದೆ. 2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಸಿಕ್ಕಮೇಲೆ, 2024ರ ಒಂದೇ ವರ್ಷದಲ್ಲಿ ಥಾಯ್ಲೆಂಡಿಗೆ ಹೋದ ಭಾರತೀಯರ ಸಂಖ್ಯೆ ಇಪ್ಪತ್ತು ಲಕ್ಷ ದಾಟಿತು. ಹವಳದ ಮೇಲಿನ ಭಾರದಲ್ಲಿ ಈಗ ಬೆಂಗಳೂರಿನ ತೂಕವೂ ಇದೆ.

ಆ ತೂಕವೇ ವಾರಾಂತ್ಯಕ್ಕೆ ಘಟ್ಟವನ್ನೂ ಏರುತ್ತದೆ. 2024ರ ಜನವರಿಯ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಕಿಕ್ಕಿರಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಅರಣ್ಯ ಇಲಾಖೆ ಚಾರಣವನ್ನು ತಡೆದು, ಆಮೇಲೆ ಮುಂಗಡ ನೋಂದಣಿಯ ವ್ಯವಸ್ಥೆ ತರಬೇಕಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೂ ದೋಣಿಗಳು ಓಡುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಲಾವಾ ತಣಿದು ನಿಂತ ಕಲ್ಲುಕಂಬಗಳ ಮೇಲೆ ಒಂದು ತಾಸು ಕುಳಿತು ಬರುವವರ ಚೀಲದಲ್ಲಿ ಮರಳಿ ಬರುವ ಪ್ಲಾಸ್ಟಿಕ್ ಎಷ್ಟು, ಅಲ್ಲೇ ಉಳಿಯುವುದೆಷ್ಟು ಎಂಬುದನ್ನು ಯಾರಾದರೂ ಎಣಿಸಬೇಕಾಗಿದೆ.

ಶೋಲಾ ಕಾಡಿನ ಹುಲ್ಲುಗಾವಲು ಹವಳದಂತೆಯೇ ನಿಧಾನದ ಜೀವಿ. ಅದರ ಮೇಲೆ ಜೀಪು ಹರಿದ ಗಾಲಿಗುರುತು ಮುಂದಿನ ಮಳೆಗೆ ಕೊರಕಲಾಗುತ್ತದೆ, ಅದರ ಮುಂದಿನ ಮಳೆಗೆ ಹಳ್ಳವಾಗುತ್ತದೆ. ಜೀಪು ಮಲೆನಾಡಿನ ಸ್ಪೀಡ್‌ಬೋಟು. ನಾಲ್ಕು ತಾಸು ನಡೆದು ಏರಬೇಕಾದ ಗುಡ್ಡವನ್ನು ಅದು ಅರ್ಧ ತಾಸಿಗೆ ಇಳಿಸಿ, ನಡೆಯಲು ಮನಸ್ಸಿಲ್ಲದವರನ್ನೂ ನೆತ್ತಿಗೆ ತರುತ್ತದೆ. ಹಾಗಾಗಿ ಬೇಡಿಕೆಗಳು ಸ್ಪಷ್ಟವಾಗಿರಬೇಕು. ವಾಹನ ಬುಡದಲ್ಲಿ ನಿಲ್ಲಲಿ, ನೋಡಬೇಕೆನ್ನುವವರು ನಡೆದು ಏರಲಿ. ಮಿತಿಯನ್ನು ವರ್ಷದ ಸರಾಸರಿಗಲ್ಲ, ಒಂದು ತಾಸಿನ ಗರಿಷ್ಠ ಸಂಖ್ಯೆಗೆ ಹಾಕಲಿ. ಒಂದು ಬೆಟ್ಟಕ್ಕಲ್ಲ, ಇಡೀ ಶ್ರೇಣಿಗೆ ಒಟ್ಟಾಗಿ ಹಾಕಲಿ. ಮಳೆಗಾಲ ಪೂರ್ಣ ವಿಶ್ರಾಂತಿಯಾಗಲಿ. ತಂದ ಕಸ ತಂದವರೊಂದಿಗೇ ಇಳಿಯಲಿ. ಇವನ್ನು ನಿರ್ಧರಿಸುವವರು ರಾಜಧಾನಿಯ ಪ್ರವಾಸೋದ್ಯಮ ಮೇಳಗಳಲ್ಲಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೊಟ್ಟಿದೆ. ಅನೇಕ ಕಡೆ ಅದು ಕಡತದಲ್ಲಿ ಮಲಗಿದೆ. ಅದನ್ನು ಎಬ್ಬಿಸುವ ಕೆಲಸ ಗ್ರಾಮಸಭೆಯದು. ರಜೆಯ ದಿನ ಗುಡ್ಡದ ಬುಡದಲ್ಲಿ ಕುಳಿತು ತಾಸಿಗೆಷ್ಟು ವಾಹನ, ಎಷ್ಟು ಜನ ಎಂದು ಎಣಿಸಿ ಬರೆದಿಡುವ ಕೆಲಸ ಶಾಲಾ-ಕಾಲೇಜಿನ ವಿದ್ಯಾರ್ಥಿಗಳದು. ಪೆನ್ನು, ಪುಸ್ತಕ, ಗಡಿಯಾರ ಇಷ್ಟೇ ಸಾಕು. ಸಭೆಯಲ್ಲಿ ಭಾಷಣಕ್ಕೆ ಮಣಿಯದ ಅಧಿಕಾರಿ ಅಂಕಿಗೆ ಉತ್ತರಿಸಲೇಬೇಕಾಗುತ್ತದೆ.

ಮಾಯಾ ಕೊಲ್ಲಿಯಲ್ಲಿ ಈ ಎಣಿಕೆ ಗಂಭೀರವಾಗಿ ಶುರುವಾದದ್ದು ಹವಳ ಸತ್ತಮೇಲೆ. ಘಟ್ಟದ ಹುಲ್ಲು ಇನ್ನೂ ಹಸಿರಾಗಿದೆ. ಎಣಿಸಲು ಇದು ಸಕಾಲ.