ಒಂದೇ ವಿಳಾಸ, ಇಬ್ಬರು ಒಡೆಯರು

ಗಂಗಾವತಿಯ ಸೀಮೆಯಲ್ಲಿ ಹಿರೇಬೆಣಕಲ್ ಎಂಬುದೊಂದು ಊರು, ಚಿಕ್ಕಬೆಣಕಲ್ ಎಂಬುದು ಇನ್ನೊಂದು. ಎರಡನ್ನೂ ಬರಿಯ ಬೆಣಕಲ್ಲೆಂದೇ ಕರೆದಿದ್ದರೆ ಅಂಚೆಯವನ ಪಾಡೇನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಲ್ಲರು. ಹೆಸರಿಗೊಂದು ಗುರುತನ್ನು ಸೇರಿಸಿ ಗೊಂದಲವನ್ನು ತಪ್ಪಿಸಿದ ಹಿರಿಯರ ಆ ಜಾಣ್ಮೆ ಇಂದಿನ ಕಚೇರಿಯ ಕಂಪ್ಯೂಟರುಗಳಿಗೂ ಬೇಕಾಗಿದೆ.

ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಐಪಿ ವಿಳಾಸವೆಂಬ ಅಂಕಿಗಳ ಹೆಸರುಂಟು. ನಾಲ್ಕು ಸಂಖ್ಯೆಗಳ ಪದ್ಧತಿಯಲ್ಲಿ ಇಂಥ ವಿಳಾಸಗಳು ಸುಮಾರು 429 ಕೋಟಿ ಮಾತ್ರ; ಲೋಕಕ್ಕೆ ಅವು ಸಾಲವು. ಆದುದರಿಂದ 10, 192.168 ಮೊದಲಾದ ಮೂರು ಗುಂಪುಗಳನ್ನು ಯಾರು ಬೇಕಾದರೂ ಒಳಗೊಳಗೇ ಬಳಸಬಹುದೆಂಬ ನಿಯಮ 1996ರಲ್ಲಿ ನೆಲೆಗೊಂಡಿತು. 192.168.1.20 ಎಂಬ ವಿಳಾಸ ಕೊಪ್ಪಳದ ಕಚೇರಿಯಲ್ಲಿಯೂ ಇರಬಹುದು, ಕುಷ್ಟಗಿಯ ಮನೆಯಲ್ಲಿಯೂ ಇರಬಹುದು. ಎರಡೂ ಜಾಲಗಳು ಬೇರೆಯಾಗಿರುವವರೆಗೆ ಬಾಧಕವಿಲ್ಲ.

ತೊಡಕು ಹುಟ್ಟುವುದು ಎರಡನ್ನೂ ಬೆಸೆದಾಗ. ಗಂಗಾವತಿಯ ಅಕ್ಕಿ ಗಿರಣಿಯೊಂದರ ಲೆಕ್ಕಿಗರು ಕುಷ್ಟಗಿಯ ಮನೆಯಿಂದಲೇ ವಿಪಿಎನ್ ಮೂಲಕ ಗಿರಣಿಯ ಜಾಲವನ್ನು ಸೇರುವರೆಂದಿಟ್ಟುಕೊಳ್ಳೋಣ. ಅವರಿಗೆ ದೊರೆತ ವಿಳಾಸವೇ ತೂಕದ ಸೇತುವೆಯ ಕಂಪ್ಯೂಟರಿಗೂ ಇದ್ದರೆ, "ಈ ವಿಳಾಸ ಯಾರದು?" ಎಂದು ಜಾಲ ಕೇಳಿದಾಗ ಎರಡು ಕಡೆಯಿಂದಲೂ "ನನ್ನದು" ಎಂಬ ಉತ್ತರ ಬರುತ್ತದೆ. ಸಂದೇಶಗಳು ಒಮ್ಮೆ ಇತ್ತ, ಒಮ್ಮೆ ಅತ್ತ. ತೂಕದ ಚೀಟಿ ಹೊರಡದು. ಭತ್ತ ತಂದ ರೈತನು ಬಿಸಿಲಿನಲ್ಲಿ ಕಾಯಬೇಕು. ಎಲ್ಲರೂ ತಂತಿಯನ್ನು ಶಂಕಿಸುವರೇ ಹೊರತು ವಿಳಾಸವನ್ನಲ್ಲ.

ಪರಿಹಾರ ಕಷ್ಟವಲ್ಲ. ಪ್ರಿಂಟರು, ತೂಕದ ಯಂತ್ರಗಳಂಥ ಕದಲದವುಗಳಿಗೆ 2ರಿಂದ 49. ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಗೆ 50ರಿಂದ 199. ದೂರದಿಂದ ಬರುವವರಿಗೆ 200ರಿಂದ 250 ಎಂದು ಗಡಿ ಹಾಕಬೇಕು. ಒಬ್ಬರ ಪಾಲನ್ನು ಇನ್ನೊಬ್ಬರು ಮುಟ್ಟಬಾರದು. ದೂರದವರಿಗೆ ಬೇರೆಯ ಓಣಿಯನ್ನೇ ಕೊಟ್ಟು, ಎರಡು ಓಣಿಗಳ ನಡುವಿನ ದಾರಿಯನ್ನು ರೂಟರಿಗೆ ತಿಳಿಸುವುದು ಇನ್ನೂ ಲೇಸು.

ಇನ್ನೊಂದು ಅಪಾಯವುಂಟು. ಅನೇಕ ಮನೆಗಳ ರೂಟರುಗಳು 192.168.0 ಅಥವಾ 192.168.1 ಎಂಬ ಸಾಲಿನೊಡನೆಯೇ ಬರುತ್ತವೆ. ಕಚೇರಿಯೂ ಅದೇ ಸಾಲಿನಲ್ಲಿದ್ದರೆ ಮನೆಯ ಕಂಪ್ಯೂಟರು ಕಚೇರಿಯ ಪ್ರಿಂಟರನ್ನು ತನ್ನ ಮನೆಯಲ್ಲಿಯೇ ಹುಡುಕಿ ಸೋಲುತ್ತದೆ. ಎಲ್ಲರ ಮನೆಯನ್ನು ತಿದ್ದುವುದಕ್ಕಿಂತ ಕಚೇರಿಯೇ ಅಪರೂಪದ ಸಾಲನ್ನು ಆರಿಸುವುದು ಸುಲಭ: ಕೊಪ್ಪಳದ ಶಾಖೆಗೆ 10.47.1, ಗಂಗಾವತಿಗೆ 10.47.2, ಕುಷ್ಟಗಿಗೆ 10.47.3, ಯಲಬುರ್ಗಾಕ್ಕೆ 10.47.4. ಹೀಗಾದರೆ ಮುಂದೆ ನಾಲ್ಕು ಶಾಖೆಗಳನ್ನು ಜೋಡಿಸಿದರೂ ಜಗಳವಿಲ್ಲ.

ಹಂಚಿಕೆಯನ್ನು ಒಂದು ದಫ್ತರದಲ್ಲಿ ಬರೆದಿಡುವುದನ್ನು ಮಾತ್ರ ಮರೆಯಬಾರದು. ಹೊಲದ ಬದುವನ್ನು ಬಿತ್ತನೆಗೆ ಮುಂಚೆಯೇ ಹಾಕುವ ನಾಡಿನವರಿಗೆ ಇದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.