ಮಿಷನ್ ಅಂದರೆ ಕಳಿಸುವುದು

ಕಳೆದ ತಿಂಗಳು ಒಂದು ಸಂಜೆ, ಬೋಡಕ್‌ದೇವ್‌ನ ನಮ್ಮ ಸೊಸೈಟಿಯ ಕಲ್ಲುಬೆಂಚಿನ ಮೇಲೆ ನಾಲ್ಕು ಜನ ಕೂತು ಮಕ್ಕಳ ಸ್ಕೂಲಿನ ಬಗ್ಗೆ ಮಾತಾಡುತ್ತಿದ್ದೆವು. ಫೀಸು, ಬಸ್ಸು, ಇಂಗ್ಲಿಷು, ಎಂದಿನ ವಿಷಯಗಳೇ. ಮಾತಿನ ನಡುವೆ ನಾನು, 'ನಾನು ಓದಿದ್ದು ಮಿಷನ್ ಸ್ಕೂಲಿನಲ್ಲಿ' ಅಂದೆ. ಮೂರನೇ ಮಹಡಿಯ ಕಾಕಾ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. 'ತಮೆ ಖ್ರಿಸ್ತಿ ಛೋ?' ಅಂತ ಕೇಳಿದರು. ನೀವು ಕ್ರೈಸ್ತರಾ?

ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆದರೆ ನಾನು ಉತ್ತರ ಕೊಟ್ಟ ವೇಗ ಮಾತ್ರ ನನಗೇ ವಿಚಿತ್ರ ಅನ್ನಿಸಿತು. 'ನಾ ನಾ ಕಾಕಾ, ನಾವು ಲಿಂಗಾಯತರು, ಮನೆಯಲ್ಲಿ ದಿನಾ ಪೂಜೆ ಇದೆ' ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕೇಳಿದ್ದು ಒಂದು ಪ್ರಶ್ನೆ, ನಾನು ಕೊಟ್ಟದ್ದು ಮೂರು ಉತ್ತರ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಟಗೇರಿಯ ಆ ಶಾಲೆಯ ನೀತಿಪಾಠದ ತರಗತಿಯಲ್ಲೇ ನಾನು ಪೇತ್ರನ ಕಥೆ ಕೇಳಿದ್ದು. ಕೋಳಿ ಕೂಗುವ ಮೊದಲು ಮೂರು ಸಲ ಗುರುವನ್ನು 'ನನಗೆ ಗೊತ್ತೇ ಇಲ್ಲ' ಎಂದವನ ಕಥೆ.

ಅಷ್ಟಕ್ಕೂ ಈ ಶಬ್ದದಲ್ಲಿ ಏನಿದೆ ಅಂತ ಮರುದಿನದಿಂದ ಹುಡುಕತೊಡಗಿದೆ.

ನಮ್ಮ ಅಜ್ಜಿಗೆ ಈ ಗೊಂದಲವೇ ಇರಲಿಲ್ಲ. ಅವಳ ಬಾಯಲ್ಲಿ ಮಿಷನ್ನೂ ಮಷೀನೂ ಒಂದೇ. ಹೊಲಿಗಿ ಮಿಶಿನ್ನು, ಹಿಟ್ಟಿನ ಮಿಶಿನ್ನು, ಮಿಶಿನ್ ಸಾಲಿ. 'ನಮ್ಮ ಹುಡುಗ ಮಿಶಿನ್ ಸಾಲಿಗೆ ಹೊಕ್ಕಾನ' ಅಂತ ಓಣಿಗೆಲ್ಲ ಹೇಳುತ್ತಿದ್ದಳು. ಒಂದು ಲೆಕ್ಕದಲ್ಲಿ ಅವಳು ಪೂರ್ತಿ ತಪ್ಪೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಅಚ್ಚಿನ ಯಂತ್ರ ತಂದರು, ನೇಯ್ಗೆ ಶುರುಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಎಂಬ ಹೆಸರು ಆಮೇಲೆ ಎಲ್ಲೆಲ್ಲೋ ಹೋಯಿತು.

ಆದರೆ ಮೂಲದಲ್ಲಿ ಎರಡಕ್ಕೂ ಸಂಬಂಧವಿಲ್ಲ. ಮಿಷನ್ ಬಂದದ್ದು ಲ್ಯಾಟಿನ್ನಿನ 'ಮಿತ್ತೆರೆ' ಎಂಬ ಕ್ರಿಯಾಪದದಿಂದ. ಅರ್ಥ ಇಷ್ಟೇ: ಕಳಿಸು, ಬಿಡು. ಅದರಿಂದ ಹುಟ್ಟಿದ ನಾಮಪದ 'ಮಿಸ್ಸಿಯೊ'. ರೋಮನ್ ಸೈನ್ಯದಲ್ಲಿ ಸೈನಿಕನೊಬ್ಬ ಸೇವೆ ಮುಗಿಸಿ ಬಿಡುಗಡೆಯಾದರೆ ಅದೂ ಮಿಸ್ಸಿಯೊ, ಅಂದರೆ ಇವತ್ತಿನ ನಿವೃತ್ತಿ. ಕ್ಯಾಥೊಲಿಕರ ಪೂಜೆಗೆ ಇಂಗ್ಲಿಷಿನಲ್ಲಿ 'ಮಾಸ್' ಅನ್ನುತ್ತಾರಲ್ಲ, ಅದೂ ಇದೇ ಮನೆಯದು. ಲ್ಯಾಟಿನ್ ಪೂಜೆಯ ಕೊನೆಗೆ ಜನರನ್ನು ಬೀಳ್ಕೊಡುವ ಮಾತಿನಲ್ಲಿ 'ಮಿಸ್ಸ' ಎಂಬ ಶಬ್ದವಿತ್ತು, ಅದೇ ಇಡೀ ಪೂಜೆಗೆ ಹೆಸರಾಯಿತು. ಪೋರ್ಚುಗೀಸರ ಮೂಲಕ ಅದು ನಮ್ಮ ಕರಾವಳಿಗೂ ಬಂತು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಇವತ್ತಿಗೂ ಪೂಜೆಗೆ 'ಮೀಸ್' ಅನ್ನುತ್ತಾರೆ.

ಚರ್ಚಿನ ಪಂಡಿತರು ಮಿಸ್ಸಿಯೊ ಶಬ್ದವನ್ನು ಬಹಳ ಕಾಲ ಬಳಸಿದ್ದು ದೇವರ ಬಗ್ಗೆ ಮಾತಾಡುವಾಗ. ತಂದೆಯಾದ ದೇವರು ಮಗನನ್ನು ಲೋಕಕ್ಕೆ ಕಳಿಸಿದ್ದು ಮಿಸ್ಸಿಯೊ. ಮನುಷ್ಯರನ್ನು ದೂರದ ದೇಶಗಳಿಗೆ ಧರ್ಮಪ್ರಚಾರಕ್ಕೆ ಕಳಿಸುವ ಅರ್ಥ ಗಟ್ಟಿಯಾದದ್ದು 16ನೇ ಶತಮಾನದಲ್ಲಿ, ಜೆಸ್ವಿಟರಿಂದ. 1540ರಲ್ಲಿ ಪೋಪರ ಒಪ್ಪಿಗೆ ಪಡೆದ ಆ ಸಂಘದವರು, ಪೋಪರು ಎಲ್ಲಿಗೆ ಕಳಿಸಿದರೂ ಹೋಗುತ್ತೇವೆ ಎಂದು ವಿಶೇಷ ಪ್ರತಿಜ್ಞೆ ಮಾಡುತ್ತಿದ್ದರು. ಅವರಲ್ಲೊಬ್ಬ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವಾಕ್ಕೆ ಬಂದ. ಅದೇ ಶತಮಾನ ಮುಗಿಯುವ ಹೊತ್ತಿಗೆ ಶಬ್ದ ಇಂಗ್ಲಿಷಿಗೂ ಬಂತು. ಆಮೇಲೆ ರಾಯಭಾರಿಗಳ ತಂಡಕ್ಕೂ ಮಿಷನ್ ಎಂದರು. 20ನೇ ಶತಮಾನದಲ್ಲಿ ಯುದ್ಧವಿಮಾನದ ಹಾರಾಟವೂ ಮಿಷನ್ ಆಯಿತು, ಅಲ್ಲಿಂದ ರಾಕೆಟ್ಟಿಗೆ ಹಾರಿತು.

ಕಳಿಸುವ ಈ ಧಾತುವಿನ ಸಂಸಾರ ದೊಡ್ಡದು. ಅಡ್ಮಿಷನ್, ಕಮಿಷನ್, ಪ್ರಾಮಿಸ್, ಮೆಸೇಜ್, ಮಿಸೈಲ್ ಎಲ್ಲ ಅಣ್ಣತಮ್ಮಂದಿರು. ಪರ್ಮಿಷನ್ ಕೂಡ. ಗುಜರಾತಿನ 2003ರ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯ ಪ್ರಕಾರ ಒಬ್ಬರನ್ನು ಮತಾಂತರ ಮಾಡಿಸುವವರು ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಮಿಷನ್ನಿಗೆ ಪರ್ಮಿಷನ್ ಬೇಕು! ಕಾಕಾ ಲೋಟ ಕೆಳಗಿಟ್ಟದ್ದು ಯಾಕೆ ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ. ಈ ಊರಿನಲ್ಲಿ ಆ ಶಬ್ದದ ಒಂದು ಅರ್ಥ ಇನ್ನೂ ಬಿಸಿಯಾಗಿದೆ.

ಆ ಅನುಮಾನ ಆಧಾರವಿಲ್ಲದ್ದೂ ಅಲ್ಲ. ಮಿಷನ್ನಿನವರು ಬಂದದ್ದೇ ಮತಾಂತರಕ್ಕೆ, ಅದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. ಇದೇ ಅಹಮದಾಬಾದಿನಲ್ಲಿ ಆಶ್ರಮ ಕಟ್ಟಿದ ಗಾಂಧೀಜಿಗೆ ಪಾದ್ರಿ ಸಿ.ಎಫ್. ಆಂಡ್ರೂಸ್ ಪ್ರಾಣಮಿತ್ರರು. ಆದರೂ ಮತಾಂತರದ ಉದ್ದೇಶ ಇಟ್ಟುಕೊಂಡು ಮಾಡುವ ಆಸ್ಪತ್ರೆ-ಶಾಲೆಗಳ ಸೇವೆಯನ್ನು ಗಾಂಧೀಜಿ ಒಪ್ಪಲಿಲ್ಲ.

ಆದರೆ ಕಳಿಸಿದವರ ಉದ್ದೇಶ ಒಂದು, ಬಂದವರ ಕೈಯಿಂದ ಉಳಿದದ್ದು ಇನ್ನೊಂದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ತಂದರು, ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಫರ್ಡಿನಂಡ್ ಕಿಟ್ಟೆಲರ ನಿಘಂಟು ಬಂತು. ಇವು ನಮಗೆಲ್ಲ ಗೊತ್ತು. ನನಗೆ ಗೊತ್ತಿರದಿದ್ದದ್ದು ಇನ್ನೊಂದು. ಗುಜರಾತಿ ವ್ಯಾಕರಣದ ಪಿತಾಮಹ ಎಂದು ಇಲ್ಲಿನವರು ನೆನೆಯುವ ಜೋಸೆಫ್ ವಾನ್ ಸೋಮರೆನ್ ಟೇಲರ್ ಹುಟ್ಟಿದ್ದು 1820ರಲ್ಲಿ, ನಮ್ಮ ಬಳ್ಳಾರಿಯಲ್ಲಿ! ಮಿಷನರಿ ದಂಪತಿಯ ಮಗ, ತಾನೂ ಮಿಷನರಿಯಾಗಿ ಗುಜರಾತಿಗೆ ಬಂದ. 1860ರ ದಶಕದಲ್ಲಿ ಅವನು ಬರೆದ ವ್ಯಾಕರಣವನ್ನು ಗುಜರಾತಿಗಳು ಓದಿ ಕಲಿತರು. ಬಳ್ಳಾರಿಯಿಂದ ಗುಜರಾತಿಗೆ ಬಂದು ಇಲ್ಲಿನ ಮಾತನ್ನು ಇಲ್ಲಿನವರಿಗೇ ಕಲಿಸಿದವನು. ನಾವು ಹದಿನೈದು ವರ್ಷ ಇದ್ದೂ ತರಕಾರಿ ಲಾರಿಯವನ ಹತ್ತಿರ ಹಿಂದಿಯಲ್ಲೇ ಚೌಕಾಶಿ ಮಾಡುತ್ತೇವೆ.

ಶಬ್ದವನ್ನು ಕ್ರೈಸ್ತರ ಕೈಯಿಂದ ಹೊರಗೆ ತಂದವರಲ್ಲಿ ಮುಖ್ಯರು ಸ್ವಾಮಿ ವಿವೇಕಾನಂದರು. 1897ರ ಮೇ 1ರಂದು ತಮ್ಮ ಸಂಸ್ಥೆಯನ್ನು ಶುರುಮಾಡಿದಾಗ ಅವರು ಗುರುವಿನ ಹೆಸರಿನ ಪಕ್ಕದಲ್ಲಿ ಇಟ್ಟುಕೊಂಡದ್ದು ಇದೇ ಇಂಗ್ಲಿಷ್ ಶಬ್ದವನ್ನು: ರಾಮಕೃಷ್ಣ ಮಿಷನ್. ಅದಾದ ಮೇಲೆ ಸರ್ಕಾರದ ಕೈಗೂ ಬಂತು. 2014ರಲ್ಲಿ ಸ್ವಚ್ಛ ಭಾರತ್ ಮಿಷನ್, 2019ರಲ್ಲಿ ಜಲ ಜೀವನ್ ಮಿಷನ್. ಕಸದ ಗಾಡಿಯ ಮೇಲೆ ಬರೆದಿರುವ ಮಿಷನ್ ನೋಡಿ ಯಾರೂ ಜಾತಿ ಕೇಳುವುದಿಲ್ಲ.

ಇನ್ನು ಬಾಹ್ಯಾಕಾಶ. ನಮ್ಮ ಬೋಡಕ್‌ದೇವ್‌ನಿಂದ ಸ್ವಲ್ಪ ದೂರದಲ್ಲೇ ಇಸ್ರೋದ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್ ಇದೆ. ಮಂಗಳಯಾನ ಹೊತ್ತೊಯ್ದ ಐದು ಉಪಕರಣಗಳಲ್ಲಿ ಬಣ್ಣದ ಕ್ಯಾಮೆರಾ ಸೇರಿ ಮೂರು ಇಲ್ಲಿ ತಯಾರಾದವು. ಆ ಯಾನದ ಅಧಿಕೃತ ಹೆಸರು ಮಾರ್ಸ್ ಆರ್ಬಿಟರ್ ಮಿಷನ್. ಇದಕ್ಕೂ ಹಿಂದೆ ಹೋದರೆ, 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ನಮ್ಮ ಮೊದಲ ರಾಕೆಟ್ ಹಾರಿದಾಗ ವಿಜ್ಞಾನಿಗಳಿಗೆ ಕಚೇರಿಯಾದದ್ದು ಮೀನುಗಾರರ ಊರಿನ ಸಂತ ಮೇರಿ ಮ್ಯಾಗ್ಡಲೀನ್ ಚರ್ಚು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಊರವರನ್ನು ಕೇಳಿದರು, ಊರವರು ಬಿಟ್ಟುಕೊಟ್ಟರು. ಕೇಳಲು ಹೋದವರು ಅಹಮದಾಬಾದಿನ ವಿಕ್ರಂ ಸಾರಾಭಾಯಿ.

ಆ ಸಾರಾಭಾಯಿ ಅವರ ಬಳಿ ಪಿಎಚ್‌.ಡಿ. ಮಾಡಲು ಈ ಊರಿಗೆ ಬಂದ ಕನ್ನಡಿಗರೊಬ್ಬರಿದ್ದರು. ಉಡುಪಿ ಹತ್ತಿರದ ಅದಮಾರಿನವರು, ಹೈಸ್ಕೂಲು ಓದಿದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಆರ್ಯಭಟದ ಹಿಂದಿನ ಮುಖ್ಯ ತಲೆ ಅವರದು. ಯು.ಆರ್. ರಾವ್. ಮಠದ ಊರಿನ ಹುಡುಗ, ಕ್ರೈಸ್ತರ ಶಾಲೆಯ ಬೆಂಚು, ಜೈನ ಮನೆತನದ ಗುರು, ಕೊನೆಗೆ ಉಪಗ್ರಹ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಹೋದ ವಾರ ಕಾಕಾ ಪಕ್ಕದಲ್ಲಿ ಮತ್ತೆ ಕೂತೆ. ಭಾಷಣ ಮಾಡಲಿಲ್ಲ. 'ಅವತ್ತು ನಾನು ಗಡಿಬಿಡಿಯಲ್ಲಿ ಅರ್ಧ ಹೇಳಿದೆ ಕಾಕಾ' ಎಂದು ಶುರುಮಾಡಿ ನಮ್ಮ ಮಾಸ್ತರ ವಿಷಯ ಹೇಳಿದೆ. ಅಪ್ಪ ತೀರಿಕೊಂಡ ವರ್ಷ ಫೀಸಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ತಾವೇ ದುಡ್ಡು ಕಟ್ಟಿದವರು, ಒಂದು ದಿನವೂ ಚರ್ಚಿಗೆ ಬಾ ಎನ್ನದವರು. ಕಾಕಾ ಸುಮ್ಮನೆ ಕೇಳಿದರು. ಆಮೇಲೆ, 'ಅಂಥವರು ಇರುತ್ತಾರೆ. ಆದರೆ ಎಲ್ಲರೂ ಹಾಗಲ್ಲ' ಅಂದರು. ನಾನು 'ಹೌದು, ಅದೂ ನಿಜ' ಅಂದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, 'ನನ್ನ ತಮ್ಮ ಹುಟ್ಟಿದ್ದು ಆಣಂದದ ಮಿಷನ್ ಆಸ್ಪತ್ರೆಯಲ್ಲಿ. ಬಾ ಬದುಕಿದ್ದು ಅಲ್ಲಿನ ಡಾಕ್ಟರಿಂದ' ಅಂದರು. ಬಾ ಅಂದರೆ ಅಮ್ಮ. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕನ್ನಡದ ಕ್ಯಾಥೊಲಿಕರು ಯೇಸುವಿನ ಹನ್ನೆರಡು ಜನರನ್ನು 'ಪ್ರೇಷಿತರು' ಅನ್ನುತ್ತಾರೆ. ಕಳಿಸಲ್ಪಟ್ಟವರು. ಟ್ರಾನ್ಸ್‌ಫರ್ ಆರ್ಡರ್ ಹಿಡಿದು ಸಬರಮತಿ ದಾಟಿ ಬಂದ ನಮ್ಮನ್ನೂ ಯಾರೋ ಕಳಿಸಿದವರೇ. ಕಂಪನಿ ಬೇರೆ ಕಾರಣಕ್ಕೆ ಕಳಿಸಿತು, ಇರಲಿ. ಬಂದ ಊರಿನಲ್ಲಿ ನಾವು ಬಿಟ್ಟುಹೋಗುವುದು ಏನು ಅನ್ನುವುದು ನಮ್ಮ ಕೈಯಲ್ಲಿದೆ. ನಾನಂತೂ ಈ ವಾರದಿಂದ ಲಾರಿಯವನ ಹತ್ತಿರ ಗುಜರಾತಿಯಲ್ಲೇ ಚೌಕಾಶಿ ಶುರುಮಾಡಿದ್ದೇನೆ. ಇದುವರೆಗೆ ಒಂದು ರೂಪಾಯಿಯೂ ಕಮ್ಮಿಯಾಗಿಲ್ಲ. ಆದರೆ ಮೊನ್ನೆ ಅವನು ಕೊತ್ತಂಬರಿ ಪುಕ್ಕಟೆ ಕೊಟ್ಟ.